ಮಗಳು ಅರ್ಜಿಯಲ್ಲಿ 2ಎ ಬರೆಯಬೇಕೋ, ಜಿಎಂ ಬರೆಯಬೇಕೋ?

ಓದುಗರ ಪ್ರಶ್ನೆ: "ನಾನು ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಟೈಲರ್. ನಮ್ಮದು ಹಿಂದುಳಿದ ವರ್ಗಗಳ ಪ್ರವರ್ಗ 2ಎ. ಮಗಳಿಗೆ 25 ವರ್ಷ. ಎಂಎಸ್ಸಿ ಮುಗಿಸಿ, ಬೆಂಗಳೂರಿನ ವಿಜಯನಗರದಲ್ಲಿ ಪಿಜಿಯಲ್ಲಿದ್ದುಕೊಂಡು ಕೆಪಿಎಸ್‌ಸಿ ಪರೀಕ್ಷೆಗಳಿಗೆ ಓದುತ್ತಿದ್ದಾಳೆ. ಹೋದ ಸಲ ಸ್ವಲ್ಪದರಲ್ಲಿ ತಪ್ಪಿತು. ಮೊನ್ನೆ ಮಾತಿಗೆ ಮಾತು ಬೆಳೆದಾಗ ರೂಮಿನ ಹುಡುಗಿಯರು 'ನಿನಗೇನು ಬಿಡು, ಕೋಟಾ ಇದೆ, ನಮ್ಮ ಹಾಗೆ ಓದಬೇಕಾ' ಅಂದರಂತೆ. ಅವತ್ತಿನಿಂದ ಒಂದೇ ಹಟ. ಈ ಸಲ ಜಿಎಂನಲ್ಲೇ (ಜನರಲ್ ಮೆರಿಟ್) ಅರ್ಜಿ ಹಾಕ್ತೀನಿ, ಸ್ವಂತ ಶಕ್ತಿಯಿಂದ ಬಂದೆ ಅಂತ ತೋರಿಸ್ತೀನಿ ಅಂತಾಳೆ. 2ಎ ಅಂತ ಬರೆದರೆ ಎಷ್ಟೇ ಅಂಕ ಬಂದರೂ 2ಎ ಹುದ್ದೆಗೇ ಸೇರಿಸ್ತಾರೆ, ಜಿಎಂ ಸಿಗಲ್ಲ ಅಂತ ಕೋಚಿಂಗ್‌ನಲ್ಲೂ ಯಾರೋ ಹೇಳಿದ್ದಾರೆ. ಇದು ನಿಜವಾ? ಮೀಸಲಾತಿ ಹತ್ತೇ ವರ್ಷಕ್ಕೆ ಅಂತ ಮಾಡಿದ್ದಂತೆ, ಹಾಗಾದರೆ ನಾವು ತಗೊಳ್ಳೋದು ತಪ್ಪಾ? ಇನ್ನೊಂದು. ಕಳೆದ ವರ್ಷ ಅಂಗಡಿ ದೊಡ್ಡದು ಮಾಡಿದೆ. ವರ್ಷದ ವ್ಯಾಪಾರ ಒಂಬತ್ತು ಲಕ್ಷದ ಹತ್ತಿರ ಬರುತ್ತದೆ. ತಾಲ್ಲೂಕು ಕಚೇರಿ ಮುಂದಿನ ಏಜೆಂಟ್ ಒಬ್ಬರು ಆದಾಯ ಕಡಿಮೆ ಬರೆಸಿಕೊಡ್ತೀನಿ ಅಂತಿದ್ದಾರೆ. ಏನು ಮಾಡಲಿ?"

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೇಲೆ ನೋಡಿದರೆ ಇದು ಅರ್ಜಿ ತುಂಬುವ ಪ್ರಶ್ನೆ. ಆದರೆ ನಿಮ್ಮ ಮಗಳಿಗೆ ಒಂದು ಮಾತು ಚುಚ್ಚಿದೆ, ಆ ನೋವಿಗೆ ಅರ್ಜಿಯ ಒಂದು ಕಾಲಮ್ಮಿನಲ್ಲಿ ಉತ್ತರ ಕೊಡಲು ಹೊರಟಿದ್ದಾಳೆ. ನಿಮಗೆ ಅವಳ ಸ್ವಾಭಿಮಾನಕ್ಕೆ ಅಡ್ಡ ಬರಲು ಮನಸ್ಸಿಲ್ಲ, ಕೈಗೆ ಬರಬಹುದಾದ ಕೆಲಸ ತಪ್ಪಿಹೋಗುತ್ತದೆ ಅನ್ನುವ ಭಯವೂ ಬಿಟ್ಟಿಲ್ಲ.

ನಾನು 27 ವರ್ಷದಿಂದ ನೇಮಕಾತಿ ಮತ್ತು ಸೇವಾ ವಿಷಯದ ಕೇಸುಗಳನ್ನೇ ನಡೆಸುತ್ತಿರುವ ವಕೀಲ. ನನ್ನ ಕಚೇರಿಗೆ ಎರಡೂ ಕಡೆಯವರು ಬರುತ್ತಾರೆ. ಒಂದು ಅಂಕದಲ್ಲಿ ಜಿಎಂ ತಪ್ಪಿ ಕಣ್ಣೀರು ಹಾಕುವ ಹುಡುಗರು ಬರುತ್ತಾರೆ. ಪ್ರಮಾಣಪತ್ರದ ಒಂದು ತಪ್ಪಿನಿಂದ ಮೀಸಲು ಹುದ್ದೆ ಕಳೆದುಕೊಂಡವರೂ ಬರುತ್ತಾರೆ. ಇಬ್ಬರ ಸಂಕಟವನ್ನೂ ಹತ್ತಿರದಿಂದ ನೋಡಿದ್ದೇನೆ. ಹಾಗಾಗಿ ಮೊದಲೇ ನನ್ನ ಸಲಹೆ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಿಮ್ಮ ಮಗಳು 2ಎ ಅಂತಲೇ ಬರೆಯಲಿ. ಅವಳು ಬಯಸುವ ಸಾಬೀತು ಅದರಿಂದ ತಪ್ಪಿಹೋಗುವುದಿಲ್ಲ.

ಕೋಚಿಂಗ್‌ನಲ್ಲಿ ಕೇಳಿದ ಮಾತಿನಿಂದ ಶುರು ಮಾಡೋಣ, ಯಾಕೆಂದರೆ ಇಡೀ ಗೊಂದಲದ ಬೇರು ಅದೇ. ಜನರಲ್ ಮೆರಿಟ್ ಅಂದರೆ ಮೀಸಲಾತಿ ಇಲ್ಲದವರಿಗೆ ಅಂತ ಎತ್ತಿಟ್ಟ ಹುದ್ದೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ಯಾರ ಕೋಟಾವೂ ಅಲ್ಲ. ಯಾವ ಜಾತಿಯವರಾದರೂ ಅಂಕದ ಮೇಲೆ ಬರಬಹುದಾದ ತೆರೆದ ಜಾಗ ಅದು. 1992ರ ಇಂದಿರಾ ಸಾಹ್ನಿ ತೀರ್ಪಿನಲ್ಲಿ, ಅಂದರೆ ನಾವೆಲ್ಲ ಮಂಡಲ್ ಕೇಸು ಅಂತ ಕರೆಯುವ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. 2020ರಲ್ಲಿ ಸೌರವ್ ಯಾದವ್ ಪ್ರಕರಣದಲ್ಲಿ ಇನ್ನಷ್ಟು ಬಿಡಿಸಿ ಹೇಳಿತು.

ಪಟ್ಟಿ ತಯಾರಾಗುವ ರೀತಿಯನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡಿ. 20 ಹುದ್ದೆ ಇವೆ ಅಂತ ಇಟ್ಟುಕೊಳ್ಳೋಣ. ಅದರಲ್ಲಿ ಹತ್ತು ಜಿಎಂ, ಮೂರು 2ಎ, ಉಳಿದವು ಬೇರೆ ಪ್ರವರ್ಗಗಳದ್ದು. ಮೊದಲು ಜಾತಿ ನೋಡದೆ ಎಲ್ಲರನ್ನೂ ಅಂಕದ ಪ್ರಕಾರ ಸಾಲಾಗಿ ಜೋಡಿಸುತ್ತಾರೆ. ಮೊದಲ ಹತ್ತು ಜನ ಜಿಎಂ ಹುದ್ದೆಗೆ. ನಿಮ್ಮ ಮಗಳು ಏಳನೆಯವಳಾದರೆ ಅವಳಿಗೆ ಜಿಎಂ ಹುದ್ದೆ. ಅರ್ಜಿಯಲ್ಲಿ 2ಎ ಅಂತ ಬರೆದಿದ್ದರೂ ಅಷ್ಟೇ. ಮೂರು 2ಎ ಹುದ್ದೆಗಳು ಆಗ ಹಾಗೇ ಉಳಿದು, ಅವಳ ಹಿಂದಿರುವ 2ಎ ಅಭ್ಯರ್ಥಿಗಳಿಗೆ ಹೋಗುತ್ತವೆ. ಅವಳು ಹದಿಮೂರನೆಯವಳಾದರೆ? 2ಎ ಬರೆದಿದ್ದರೆ ಕೆಲಸ ಸಿಗುತ್ತದೆ. ಜಿಎಂ ಬರೆದಿದ್ದರೆ ಮನೆಗೆ. ಅಂದರೆ 2ಎ ಬರೆದು ಕಳೆದುಕೊಳ್ಳುವುದು ಏನೂ ಇಲ್ಲ, ಜಿಎಂ ಬರೆದು ಗಳಿಸುವುದೂ ಏನೂ ಇಲ್ಲ.

ಆಯ್ಕೆ ಪಟ್ಟಿ ಹೊರಬಿದ್ದಾಗ ಅದರಲ್ಲಿ ಅಭ್ಯರ್ಥಿಯ ಪ್ರವರ್ಗ ಒಂದು ಕಡೆ, ಆಯ್ಕೆಯಾದ ಪ್ರವರ್ಗ ಇನ್ನೊಂದು ಕಡೆ ಇರುತ್ತದೆ. ನಿಮ್ಮ ಮಗಳು ತೆರೆದ ಸ್ಪರ್ಧೆಯಲ್ಲಿ ಗೆದ್ದರೆ ಅವಳ ಹೆಸರಿನ ಮುಂದೆ ಜಿಎಂ ಅಂತಲೇ ಅಚ್ಚಾಗಿರುತ್ತದೆ. ಅವಳು ತೋರಿಸಬೇಕು ಅಂತಿರುವುದು ಇದನ್ನೇ ಅಲ್ವಾ? ಅದಕ್ಕೆ ಅರ್ಜಿಯಲ್ಲಿ ಯಾವ ತ್ಯಾಗವೂ ಬೇಕಾಗಿಲ್ಲ.

ಹಾಗಾದರೆ ಕೋಚಿಂಗ್‌ನವರು ಸುಮ್ನೆ ಹೇಳಿದರಾ? ಪೂರ್ತಿ ಹಾಗಲ್ಲ. ಒಂದು ಅರ್ಧ ಸತ್ಯ ಇದೆ. ಕೇಂದ್ರ ಸರ್ಕಾರದ ನೇಮಕಾತಿಗೆ 1998ರ ಜುಲೈ 1ರ ಒಂದು ಆದೇಶ ಇದೆ. ವಯಸ್ಸು, ಅನುಭವ, ವಿದ್ಯಾರ್ಹತೆ, ಪರೀಕ್ಷೆ ಬರೆಯುವ ಅವಕಾಶಗಳ ಸಂಖ್ಯೆ, ಇವುಗಳಲ್ಲಿ ಮೀಸಲಾತಿಯ ಸಡಿಲಿಕೆ ಬಳಸಿಕೊಂಡವರನ್ನು ಮೀಸಲು ಹುದ್ದೆಗೇ ಲೆಕ್ಕ ಹಾಕಬೇಕು ಅನ್ನುತ್ತದೆ ಅದು. 2017ರಲ್ಲಿ ದೀಪಾ ಇ.ವಿ. ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಆಕೆಯ ವಯಸ್ಸು ಸಾಮಾನ್ಯ ಮಿತಿ ದಾಟಿತ್ತು, ಒಬಿಸಿ ಸಡಿಲಿಕೆಯಲ್ಲಿ ಅರ್ಜಿ ಹಾಕಿದ್ದರು. ಹಾಗಾಗಿ ತೆರೆದ ಹುದ್ದೆಗೆ ಅವರನ್ನು ಪರಿಗಣಿಸಲಿಲ್ಲ. ಇದಕ್ಕೆ ಮೊದಲು, 2010ರಲ್ಲಿ, ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ ಅದೇ ಕೋರ್ಟ್ ಬೇರೆ ರೀತಿ ಹೇಳಿತ್ತು. ಅಲ್ಲಿಯ ಕಾನೂನು ಬೇರೆ ಇತ್ತು, ಅದಕ್ಕೆ. ಒಟ್ಟಿನಲ್ಲಿ ಇದು ಆಯಾ ನೇಮಕಾತಿಯ ನಿಯಮದ ಮೇಲೆ ನಿಂತಿದೆ. ನಿಮ್ಮ ಮಗಳಿಗೆ ಈ ತಲೆನೋವು ಇಲ್ಲ. ರಾಜ್ಯದ ನೇಮಕಾತಿಗಳಲ್ಲಿ ಸಾಮಾನ್ಯವಾಗಿ ಜಿಎಂಗೆ ವಯಸ್ಸಿನ ಮಿತಿ 35, 2ಎಗೆ 38. ಅವಳಿಗೆ ಈಗ 25. ಅವಳು ಯಾವ ವಯಸ್ಸಿನ ಸಡಿಲಿಕೆಯನ್ನೂ ಮುಟ್ಟುತ್ತಿಲ್ಲ.

ಕೆಲವು ವರ್ಷಗಳ ಹಿಂದೆ ಇದೇ ಹಟ ಹಿಡಿದಿದ್ದ ಹುಡುಗನೊಬ್ಬ ನನ್ನ ಕಚೇರಿಗೆ ಬಂದಿದ್ದ. ಅವನೂ 2ಎ. ಕಾಲೇಜಿನಲ್ಲಿ ಕೇಳಿದ ಮಾತು ಮನಸ್ಸಿನಲ್ಲಿಟ್ಟುಕೊಂಡು ಜಿಎಂ ಅಂತ ಅರ್ಜಿ ಹಾಕಿದ್ದ. ಜಿಎಂ ಕಟ್ ಆಫ್ ಸ್ವಲ್ಪದರಲ್ಲಿ ತಪ್ಪಿತು. 2ಎಯಲ್ಲಿ ಕೊನೆಗೆ ಆಯ್ಕೆಯಾದವರಿಗಿಂತ ಅವನಿಗೆ ಜಾಸ್ತಿ ಅಂಕ ಬಂದಿತ್ತು. ಈಗ ಪ್ರಮಾಣಪತ್ರ ಕೊಟ್ಟರೆ ಆಗಲ್ವಾ ಸಾರ್ ಅಂತ ಕೇಳಿದ. ಆಗುವುದಿಲ್ಲ. ಅರ್ಜಿಯಲ್ಲಿ ಕೇಳದ ಮೀಸಲಾತಿಯನ್ನು ಆಮೇಲೆ ಕೇಳುವಂತಿಲ್ಲ ಅಂತ ಅಧಿಸೂಚನೆಯಲ್ಲೇ ಇರುತ್ತದೆ. ಕೇಸು ಹಾಕಿ ದುಡ್ಡು ಕಳೆದುಕೊಳ್ಳಬೇಡ ಅಂತ ನಾನೇ ಹೇಳಿ ಕಳಿಸಿದೆ. ಅವನು ಮೆಟ್ಟಿಲಿಳಿದು ಹೋದದ್ದು ನನಗೆ ಇನ್ನೂ ಕಣ್ಣಮುಂದೆ ಇದೆ. ನಿಮ್ಮ ಪತ್ರಕ್ಕೆ ಇಷ್ಟು ಉದ್ದ ಉತ್ತರ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಇಲ್ಲೇ ಇನ್ನೊಂದು ಮಾತು ಸೇರಿಸಿಬಿಡುತ್ತೇನೆ. ಜಾತಿಯ ಕಾಲಮ್ ಬಗ್ಗೆ ಇಷ್ಟು ಯೋಚಿಸುವ ಮಕ್ಕಳು ಪಕ್ಕದ ಕಾಲಮ್‌ಗಳನ್ನು ಖಾಲಿ ಬಿಡುವುದನ್ನು ನೋಡಿದ್ದೇನೆ. ರಾಜ್ಯದ ನೇರ ನೇಮಕಾತಿಯಲ್ಲಿ ಮಹಿಳೆಯರಿಗೆ ಶೇ 33, ಒಂದರಿಂದ ಹತ್ತನೇ ತರಗತಿ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲು ಇದೆ. ಇದನ್ನು ಸಮತಲ ಮೀಸಲಾತಿ ಅನ್ನುತ್ತಾರೆ. ಇದು ಜಿಎಂ ಹುದ್ದೆಗಳ ಒಳಗೂ ಇರುತ್ತದೆ, 2ಎ ಹುದ್ದೆಗಳ ಒಳಗೂ ಇರುತ್ತದೆ. ಜಿಎಂ ಮಹಿಳೆ ಅಂತ ಇರುವ ಹುದ್ದೆಗೆ, ಅಂಕ ಸಾಕಾದರೆ, 2ಎ ಹುಡುಗಿಯನ್ನೂ ಪರಿಗಣಿಸಬೇಕು. ಸೌರವ್ ಯಾದವ್ ತೀರ್ಪಿನಲ್ಲಿ ತೀರ್ಮಾನವಾದದ್ದು ನೇರವಾಗಿ ಇದೇ. ಕೋಟಾ ಬಗ್ಗೆ ಮಾತನಾಡಿದ ರೂಮಿನ ಹುಡುಗಿಯರಲ್ಲಿ ಯಾರೋ ಒಬ್ಬರು ಗ್ರಾಮೀಣ ಕಾಲಮ್ಮಿಗೆ ಟಿಕ್ ಹಾಕಿರಬಹುದು. ಮಹಿಳೆಯರ ಕಾಲಮ್ ಅಂತೂ ಎಲ್ಲರಿಗೂ ಇದೆ. ಅದನ್ನು ತೆಗೆದುಕೊಂಡದ್ದಕ್ಕೆ ಯಾರೂ ಅವರ ಓದನ್ನು ಅನುಮಾನಿಸುವುದಿಲ್ಲ. ಅನುಮಾನಿಸಲೂ ಬಾರದು.

ಹತ್ತು ವರ್ಷದ ಮಾತಿಗೆ ಉತ್ತರ ಚಿಕ್ಕದು. ಸಂವಿಧಾನದ 334ನೇ ವಿಧಿಯಲ್ಲಿ ಹತ್ತು ವರ್ಷ ಅಂತ ಇದ್ದದ್ದು ಲೋಕಸಭೆ ಮತ್ತು ವಿಧಾನಸಭೆಯ ಪರಿಶಿಷ್ಟರ ಸ್ಥಾನಗಳಿಗೆ. ಅದನ್ನು ಹತ್ತು ಹತ್ತು ವರ್ಷಕ್ಕೆ ಮುಂದುವರಿಸುತ್ತ ಬಂದಿದ್ದಾರೆ. ಈಗಿನ ಅವಧಿ 2030ರವರೆಗೆ. ಶಿಕ್ಷಣದ ಮೀಸಲಾತಿ ಬರುವುದು 15(4)ನೇ ವಿಧಿಯಿಂದ, ಉದ್ಯೋಗದ್ದು 16(4)ರಿಂದ. ಇವೆರಡರಲ್ಲೂ ಕಾಲಮಿತಿ ಇಲ್ಲ. ಮದ್ರಾಸ್ ಪ್ರಾಂತ್ಯದ ಸೀಟು ಹಂಚಿಕೆಯ ಕೇಸಿನಲ್ಲಿ ಚಂಪಕಂ ದೊರೈರಾಜನ್ ಗೆದ್ದ ಮೇಲೆ, 1951ರಲ್ಲಿ, ಸಂವಿಧಾನದ ಮೊಟ್ಟಮೊದಲ ತಿದ್ದುಪಡಿಯಲ್ಲೇ 15(4) ಸೇರಿತು.

ಇನ್ನು ಚುಚ್ಚಿದ ಮಾತು. 'ಕೋಟಾ ಇದೆ, ಓದಬೇಕಾ?' ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಇದು ಆ ಹುಡುಗಿಯರು ಹುಟ್ಟಿಸಿದ ಮಾತಲ್ಲ. ನಮ್ಮ ನಾಡಿನಲ್ಲೇ ಇದಕ್ಕೆ ನೂರು ವರ್ಷ ದಾಟಿದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನ ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಸರ್ಕಾರಿ ಕೆಲಸ ಹೆಚ್ಚುಕಡಿಮೆ ಒಂದೇ ಸಮುದಾಯದವರ ಕೈಯಲ್ಲಿದೆ, ಬೇರೆಯವರನ್ನು ಒಳಗೆ ತರುವುದು ಹೇಗೆ ಅನ್ನುವುದು ಸಮಿತಿಯ ಮುಂದಿದ್ದ ಪ್ರಶ್ನೆ. ಆಗ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆ ಇರಲಿಲ್ಲ. ಅರ್ಹತೆ ಕಡೆಗಣಿಸಿದರೆ ಆಡಳಿತ ಕೆಡುತ್ತದೆ ಅನ್ನುವುದು ಅವರ ಆತಂಕ. ಅವರು ಹುದ್ದೆ ಬಿಟ್ಟರು. ಸಮಿತಿ 1919ರಲ್ಲಿ ವರದಿ ಕೊಟ್ಟಿತು, 1921ರಲ್ಲಿ ಮಹಾರಾಜರ ಸರ್ಕಾರ ಆದೇಶ ಮಾಡಿತು. ಇಬ್ಬರೂ ಮೈಸೂರಿನ ಒಳ್ಳೆಯದನ್ನೇ ಬಯಸಿದವರು. ಇಂದು ಪಿಜಿ ರೂಮಿನಲ್ಲಿ ನಡೆಯುತ್ತಿರುವ ಜಗಳದ ಎರಡೂ ಮಾತು ಅವತ್ತೇ ಆಡಿ ಆಗಿದೆ. ಹಾಗಾಗಿ ಮಗಳಿಗೆ ಹೇಳಿ, ಇದು ಅವಳೊಬ್ಬಳ ಹೆಗಲ ಮೇಲೆ ಬಿದ್ದ ಜಗಳ ಅಲ್ಲ ಅಂತ.

ಅರ್ಹತೆ ಕೆಡುತ್ತದೆ ಅನ್ನುವ ಮಾತಿಗೆ ನಾನು ಏನು ಹೇಳುತ್ತೇನೆ? ಮೀಸಲಾತಿಯಲ್ಲಿ ಬಂದವರ ಪ್ರವೇಶದ ಅಂಕ ಕೆಲವು ಕಡೆ ಕಡಿಮೆ ಇರುತ್ತದೆ. ಇದನ್ನು ಮುಚ್ಚಿಡುವುದು ಬೇಡ. ಆದರೆ ಅದು ಒಳಗೆ ಹೋಗುವ ಬಾಗಿಲಿನ ಅಂಕ. ಎಂಬಿಬಿಎಸ್ ಓದಿ ಹೊರಗೆ ಬರುವಾಗ ವಿಶ್ವವಿದ್ಯಾಲಯದ ಪರೀಕ್ಷೆಯ ಪಾಸ್ ಅಂಕ ಎಲ್ಲರಿಗೂ ಒಂದೇ. ಕೆಲಸಕ್ಕೆ ಸೇರಿದ ಮೇಲಿನ ಪ್ರೊಬೇಷನ್, ಇಲಾಖಾ ಪರೀಕ್ಷೆ ಎಲ್ಲರಿಗೂ ಇರುತ್ತದೆ. ಭಾರತೀಯ ರೈಲ್ವೆಯ ಅಂಕಿಅಂಶ ಇಟ್ಟುಕೊಂಡು ಅರ್ಥಶಾಸ್ತ್ರಜ್ಞರಾದ ಅಶ್ವಿನಿ ದೇಶಪಾಂಡೆ ಮತ್ತು ಥಾಮಸ್ ವೈಸ್ಕಾಫ್ ಒಂದು ಅಧ್ಯಯನ ಮಾಡಿದ್ದರು. ಅದು 2014ರಲ್ಲಿ ಪ್ರಕಟವಾಯಿತು. ಪರಿಶಿಷ್ಟ ಜಾತಿ, ಪಂಗಡದ ನೌಕರರ ಪ್ರಮಾಣ ಜಾಸ್ತಿ ಇದ್ದಲ್ಲಿ ಕೆಲಸದ ಉತ್ಪಾದನೆ ಕುಸಿದಿದೆ ಅನ್ನುವುದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಿ. ಮೀಸಲಾತಿ ಇಲ್ಲದ ಕಡೆ ಬರೀ ಅರ್ಹತೆ ನಡೆಯುತ್ತದಾ? ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಪತ್ರಿಕೆಯ ಜಾಹೀರಾತು ನೋಡಿ ಖಾಸಗಿ ಕಂಪನಿಗಳಿಗೆ ಅರ್ಜಿ ಕಳಿಸಿದರು. ಓದು ಒಂದೇ ಮಟ್ಟದ್ದು, ಹೆಸರು ಮಾತ್ರ ಬೇರೆ ಬೇರೆ. ಮೇಲ್ಜಾತಿ ಅಂತ ತಿಳಿಯುವ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಸಂದರ್ಶನದ ಕರೆ ಬರುವ ಸಾಧ್ಯತೆ ಕಡಿಮೆ ಇತ್ತು. ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಯಾರೂ ಮುಖ ನೋಡಿರಲಿಲ್ಲ, ಮಾತಾಡಿಸಿರಲಿಲ್ಲ.

ಹಾಗಂತ ರೂಮಿನ ಹುಡುಗಿಯರ ಸಿಟ್ಟು ಬರೀ ದ್ವೇಷ ಅಂತ ತಳ್ಳಿಹಾಕಬೇಡಿ. ಅದಕ್ಕೆ ಕಾರಣ ಇದೆ. ಬಸ್ಸಿನಲ್ಲಿ ಮಹಿಳೆಯರಿಗೆ ಮೀಸಲಾದ ಒಂದು ಸೀಟು ಖಾಲಿ ಇದೆ, ನಲವತ್ತು ಗಂಡಸರು ನಿಂತಿದ್ದಾರೆ ಅಂತಿಟ್ಟುಕೊಳ್ಳಿ. ಬೋರ್ಡು ಇಲ್ಲದಿದ್ದರೆ ಆ ಸೀಟು ನನಗೆ ಸಿಗುತ್ತಿತ್ತು ಅಂತ ನಲವತ್ತು ಜನಕ್ಕೂ ಅನಿಸುತ್ತದೆ. ನಿಜಕ್ಕೂ ಸಿಗುವುದು ಒಬ್ಬರಿಗೆ. ಮೂವತ್ತೊಂಬತ್ತು ಜನ ಆಗಲೂ ನಿಂತೇ ಇರುತ್ತಾರೆ. ನೂರು ಹುದ್ದೆಗೆ ಇಪ್ಪತ್ತು ಸಾವಿರ ಅರ್ಜಿ ಬಂದಾಗಲೂ ಇದೇ. 2ಎಯ 15 ಹುದ್ದೆಯನ್ನು ತೆರೆದ ಸ್ಪರ್ಧೆಗೆ ಬಿಟ್ಟರೂ ಒಳಗೆ ಬರುವವರು ಹದಿನೈದೇ ಜನ, ಅವರಲ್ಲೂ ಕೆಲವರು 2ಎಯವರೇ ಇರುತ್ತಾರೆ. ಆದರೆ ಸಾವಿರಾರು ಮಕ್ಕಳು ನನ್ನ ಕೆಲಸ ಕೋಟಾದವರು ತಗೊಂಡರು ಅಂದುಕೊಳ್ಳುತ್ತಾರೆ. ಹುದ್ದೆಗಳೇ ಕಡಿಮೆ. ಅಧಿಸೂಚನೆ ಬರುವುದು ತಡ, ಬಂದರೆ ಪರೀಕ್ಷೆ ತಡ, ಆದರೆ ಫಲಿತಾಂಶ ತಡ. ಪಿಜಿ ಬಾಡಿಗೆ ಕಟ್ಟಿಕೊಂಡು ವರ್ಷಗಟ್ಟಲೆ ಕಾಯುವ ಮಕ್ಕಳ ಹತಾಶೆ ಪಕ್ಕದ ಮಂಚದಲ್ಲಿ ಕೂತವಳ ಮೇಲೆ ಹರಿಯುತ್ತದೆ. ನನ್ನ ಕಚೇರಿಗೆ ಬರುವ ಜಿಎಂ ಮಕ್ಕಳಲ್ಲೂ ಬಡವರಿದ್ದಾರೆ. ಪೌರೋಹಿತ್ಯ ಮಾಡುವವರ ಮಕ್ಕಳು, ಹೋಟೆಲಿನಲ್ಲಿ ಅಡುಗೆ ಮಾಡುವವರ ಮಕ್ಕಳು. ಅವರ ಸಂಕಟ ಸುಳ್ಳಲ್ಲ. 2019ರ 103ನೇ ತಿದ್ದುಪಡಿಯಲ್ಲಿ ಆರ್ಥಿಕವಾಗಿ ಹಿಂದುಳಿದವರಿಗೆ ಶೇ 10 ಮೀಸಲಾತಿ ಬಂದದ್ದು ಇಂಥವರಿಗಾಗಿ. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೂರು-ಎರಡರ ಬಹುಮತದಲ್ಲಿ ಅದನ್ನು ಒಪ್ಪಿತು.

ಮೀಸಲಾತಿಯ ವಿರುದ್ಧ ಹೇಳುವ ಎಲ್ಲ ಮಾತೂ ಕಟ್ಟುಕತೆ ಅಂತಲೂ ನಾನು ಹೇಳುವುದಿಲ್ಲ. ಅತಿ ಗಟ್ಟಿಯಾದ ಟೀಕೆ ಒಳಗಿನ ಅಸಮಾನತೆಯದ್ದು. ಕೇಂದ್ರದ ಒಬಿಸಿ ಒಳವರ್ಗೀಕರಣಕ್ಕೆ ನೇಮಕವಾದ ರೋಹಿಣಿ ಆಯೋಗದ ವಿಶ್ಲೇಷಣೆ 2018ರಲ್ಲಿ ಪತ್ರಿಕೆಗಳಲ್ಲಿ ಬಂತು. ಪರಿಶೀಲಿಸಿದ ಕೇಂದ್ರದ ಒಬಿಸಿ ಕೋಟಾದ ಉದ್ಯೋಗ ಮತ್ತು ಸೀಟುಗಳಲ್ಲಿ ಶೇ 97ರಷ್ಟು, ಒಬಿಸಿ ಜಾತಿಗಳ ಪೈಕಿ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಹೋಗಿದ್ದವು. 983 ಸಮುದಾಯಗಳಿಗೆ ಒಂದೂ ಸಿಕ್ಕಿರಲಿಲ್ಲ. ಇದು ಸಣ್ಣ ಮಾತಲ್ಲ. ಕರ್ನಾಟಕ ಹಿಂದುಳಿದವರನ್ನು ಒಂದೇ ಗಂಟಿನಲ್ಲಿ ಕಟ್ಟದೆ ಪ್ರವರ್ಗ 1ಕ್ಕೆ ಶೇ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5 ಅಂತ ಬೇರೆ ಬೇರೆ ಇಟ್ಟಿರುವುದು ಇಂಥ ಕಾರಣಕ್ಕೇ. ಪರಿಶಿಷ್ಟ ಜಾತಿಗಳ ಒಳಗೂ ಹೀಗೆ ಹಂಚಬಹುದು ಅಂತ 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಒಂದೇ ಕುಟುಂಬ ತಲೆಮಾರಿನಿಂದ ತಲೆಮಾರಿಗೆ ಲಾಭ ಪಡೆಯುತ್ತಿದ್ದರೆ ಪಕ್ಕದ ಬಡ ಕುಟುಂಬಕ್ಕೆ ತಲುಪುವುದು ಯಾವಾಗ ಅನ್ನುವುದು ನ್ಯಾಯವಾದ ಪ್ರಶ್ನೆ. ಹಿಂದುಳಿದ ವರ್ಗದ ಒಳಗೇ ಮುಂದುವರಿದವರನ್ನು ಮೀಸಲಾತಿಯಿಂದ ಹೊರಗಿಡುವ ಕೆನೆಪದರ ಅಂತ ಇರುವುದು ಅದಕ್ಕೇ.

ಒಟ್ಟು ಪ್ರಮಾಣ ಎಷ್ಟಿರಬೇಕು ಅನ್ನುವ ವಿವಾದವೂ ನಮ್ಮಲ್ಲೇ ಶುರುವಾದದ್ದು. 1962ರಲ್ಲಿ ಆಗಿನ ಮೈಸೂರು ರಾಜ್ಯ ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳಲ್ಲಿ ಶೇ 68 ಮೀಸಲಿಟ್ಟಿತು. 1963ರ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಸಾಮಾನ್ಯವಾಗಿ 50ರ ಒಳಗಿರಬೇಕು ಅಂದಿತು. 2022ರಲ್ಲಿ ರಾಜ್ಯ ಪರಿಶಿಷ್ಟ ಜಾತಿಗೆ 15ರಿಂದ 17, ಪಂಗಡಕ್ಕೆ 3ರಿಂದ 7ಕ್ಕೆ ಏರಿಸುವ ಕಾನೂನು ಮಾಡಿದ ಮೇಲೆ ಒಟ್ಟು 56 ಆಗಿ, ಅದು ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಿದೆ. ಹಾಗಾಗಿ ಯಾವ ಪ್ರವರ್ಗಕ್ಕೆ ಎಷ್ಟು ಹುದ್ದೆ ಅಂತ ಪ್ರತಿ ಅಧಿಸೂಚನೆಯಲ್ಲೂ ಹೊಸದಾಗಿ ನೋಡಬೇಕು. ಹಳೆಯದನ್ನು ನಂಬಿ ಕೂರಬಾರದು.

ಇಷ್ಟು ಹೇಳಿದ ಮೇಲೆ ನಿಮ್ಮ ಮಗಳ ಮುಂದಿರುವ ದಾರಿಗಳಿಗೆ ಬರೋಣ. 2ಎ ಬರೆದು, ಅಂಕ ತೀರ್ಮಾನಿಸಲಿ ಅಂತ ಬಿಡುವುದು ಒಂದು. ಇದರಲ್ಲಿರುವ ಅಪಾಯ ಕಾಗದಪತ್ರದ್ದು ಮಾತ್ರ, ಅದನ್ನು ಕೊನೆಗೆ ಹೇಳುತ್ತೇನೆ. ಜಿಎಂ ಅಂತಲೇ ಬರೆಯುವುದು ಇನ್ನೊಂದು. ಕಾನೂನಿನಲ್ಲಿ ಅದಕ್ಕೆ ಅಡ್ಡಿ ಇಲ್ಲ. ಮೀಸಲಾತಿ ಹಕ್ಕಾಗಿ ಕೇಳುವಂಥದ್ದು, ಕೇಳಲೇಬೇಕು ಅಂತಿಲ್ಲ. ಈ ಸಲ ಕೇಳದಿದ್ದರೆ ಮುಂದಿನ ಅಧಿಸೂಚನೆಯಲ್ಲಿ ಕೇಳುವ ಹಕ್ಕು ಹೋಗುವುದೂ ಇಲ್ಲ. ಆದರೆ ಈ ನೇಮಕಾತಿಯಲ್ಲಿ ಹಿಂದಕ್ಕೆ ಬರುವ ದಾರಿ ಇರುವುದಿಲ್ಲ. ಮುಂದಿನ ಅಧಿಸೂಚನೆ ಎಷ್ಟು ವರ್ಷಕ್ಕೆ ಬರುತ್ತದೋ ಯಾರಿಗೆ ಗೊತ್ತು.

ಇಷ್ಟವಿದ್ದು ಬಿಟ್ಟುಕೊಡುವವರನ್ನು ನಾನು ಗೌರವಿಸುತ್ತೇನೆ. ಅಪ್ಪ ಅಮ್ಮ ಇಬ್ಬರೂ ಒಳ್ಳೆಯ ಸಂಬಳದಲ್ಲಿದ್ದು, ನಗರದ ದೊಡ್ಡ ಶಾಲೆಯಲ್ಲಿ ಓದಿದ ಮಗುವೊಂದು, ನನಗಿಂತ ಬೇಕಾದವರಿಗೆ ಹೋಗಲಿ ಅಂತ ಮನಸ್ಸಾರೆ ಬಿಟ್ಟರೆ ಅದು ದೊಡ್ಡ ಗುಣ. ನಿಮ್ಮ ಮಗಳದ್ದು ಆ ಸ್ಥಿತಿಯಲ್ಲ. ಟೈಲರಿಂಗ್ ಮಾಡಿ ಮಗಳನ್ನು ಎಂಎಸ್ಸಿವರೆಗೆ ಓದಿಸಿದ್ದೀರಿ. ಈ ವ್ಯವಸ್ಥೆ ಮಾಡಿದ್ದೇ ಇಂಥ ಮನೆಗಳಿಗೆ. ಅವಳು ಬಿಡಲು ಹೊರಟಿರುವುದು ಬೇರೆಯವರ ಮೇಲಿನ ಪ್ರೀತಿಯಿಂದಲ್ಲ, ಒಂದು ಮಾತಿನ ಗಾಯದಿಂದ. ಗಾಯ ಹಸಿ ಇರುವಾಗ ಇಂಥ ತೀರ್ಮಾನ ಬೇಡ.

ಅವಳ ಜೊತೆ ಮಾತಾಡುವಾಗ 'ಸುಮ್ನೆ 2ಎ ಹಾಕು, ಹೆಚ್ಚು ಮಾತು ಬೇಡ' ಅಂತ ಗದರಬೇಡಿ. ಮೇಲಿನ ಇಪ್ಪತ್ತು ಹುದ್ದೆಯ ಲೆಕ್ಕವನ್ನು ಅವಳ ಕೈಯಲ್ಲೇ ಮಾಡಿಸಿ. ಹೋದ ಸಲದ ಪಟ್ಟಿ ತೆಗೆದು, 2ಎಯವರಲ್ಲಿ ಎಷ್ಟು ಜನ ಜಿಎಂನಲ್ಲಿ ಆಯ್ಕೆಯಾಗಿದ್ದಾರೆ ಅಂತ ಅವಳೇ ಎಣಿಸಲಿ. ಅವಳು 2ಎ ಹುದ್ದೆಗೇ ಬಂದರೂ, ಆ ಸಾವಿರಾರು ಅರ್ಜಿಗಳಲ್ಲಿ ತನ್ನ ಪ್ರವರ್ಗದವರನ್ನೆಲ್ಲ ದಾಟಿ ಬಂದಿರುತ್ತಾಳೆ. ಅದೂ ಓದಿ ಬಂದದ್ದೇ.

ಈಗ ಆದಾಯದ ವಿಷಯ. ಇಲ್ಲಿ ನೀವು ಗಾಬರಿಯಾಗಿರುವುದು ಒಂದು ತಪ್ಪು ತಿಳಿವಳಿಕೆಯಿಂದ ಅಂತ ನನಗೆ ಅನಿಸುತ್ತದೆ. 2ಎಗೆ ಕೆನೆಪದರದ ಆದಾಯ ಮಿತಿ ವರ್ಷಕ್ಕೆ 8 ಲಕ್ಷ. ನೀವು ಹೇಳಿದ ಒಂಬತ್ತು ಲಕ್ಷ ವ್ಯಾಪಾರದ ಮೊತ್ತ. ವಹಿವಾಟು ಬೇರೆ, ಆದಾಯ ಬೇರೆ. ಬಟ್ಟೆ, ದಾರ, ಲೈನಿಂಗ್, ಅಂಗಡಿ ಬಾಡಿಗೆ, ಕರೆಂಟು, ಕೆಲಸದವರ ಕೂಲಿ ಇವೆಲ್ಲ ಕಳೆದ ಮೇಲೆ ಉಳಿಯುವುದೇ ಅಂಗಡಿಯ ಆದಾಯ. ಮನೆಯಲ್ಲಿ ಬೇರೆ ದುಡಿಮೆ ಇದ್ದರೆ ಅದನ್ನೂ ತೋರಿಸಬೇಕು. ಒಂದು ಪುಸ್ತಕದಲ್ಲಿ ತಿಂಗಳ ಲೆಕ್ಕ ಬರೆದು, ಬಿಲ್ಲುಗಳನ್ನು ಜೋಡಿಸಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಕೊಡಿ. ಬಹುಶಃ ನೀವು ಮಿತಿಯ ಒಳಗೇ ಇರುತ್ತೀರಿ.

ಒಂದು ವೇಳೆ ನಿಜಕ್ಕೂ 8 ಲಕ್ಷ ದಾಟಿದ್ದರೆ ಜಿಎಂ ಅಂತ ಬರೆಯಬೇಕಾಗುತ್ತದೆ, ಅದಕ್ಕೆ ಬೇರೆ ದಾರಿ ಇಲ್ಲ. ಏಜೆಂಟ್ ಮಾತು ಮಾತ್ರ ಕೇಳಲೇಬೇಡಿ. ಆಯ್ಕೆಯಾದ ಮೇಲೆ ಪ್ರಮಾಣಪತ್ರ ಸಿಂಧುತ್ವಕ್ಕೆ ಹೋಗುತ್ತದೆ, ಪರಿಶೀಲನೆ ನಡೆಯುತ್ತದೆ. ಸುಳ್ಳು ಅಂತ ಸಾಬೀತಾದರೆ ಎಷ್ಟು ವರ್ಷ ಕೆಲಸ ಮಾಡಿದ್ದರೂ ಉಳಿಯುವುದು ಕಷ್ಟ. ಸುಳ್ಳು ಜಾತಿ ಪ್ರಮಾಣಪತ್ರದ ಮೇಲೆ ಪಡೆದ ನೌಕರಿಗೆ ರಕ್ಷಣೆ ಇಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಹತ್ತು ವರ್ಷ ದುಡಿದ ಮೇಲೆ ನೋಟಿಸ್ ಹಿಡಿದುಕೊಂಡು ಬಂದವರನ್ನು ನಾನು ಕಂಡಿದ್ದೇನೆ. ಏಜೆಂಟ್ ಅಷ್ಟು ಹೊತ್ತಿಗೆ ಅಲ್ಲಿರುವುದಿಲ್ಲ.

ಕೊನೆಯದಾಗಿ ಕಾಗದಪತ್ರ. ನಾನು ನೋಡುವ ಕೇಸುಗಳಲ್ಲಿ ಓದಿನ ಕೊರತೆಯಿಂದ ಹುದ್ದೆ ಕಳೆದುಕೊಂಡವರಿಗಿಂತ ಇಲ್ಲಿ ಎಡವಿದವರನ್ನು ನೋಡಿದಾಗ ಜಾಸ್ತಿ ಸಂಕಟವಾಗುತ್ತದೆ. 2ಎ ಪ್ರಮಾಣಪತ್ರ ನಮೂನೆ ಎಫ್‌ನಲ್ಲಿ ಇರಬೇಕು. ಅದರ ಅವಧಿ ಐದು ವರ್ಷ. ಕಾಲೇಜಿಗೆ ಸೇರುವಾಗ ಮಾಡಿಸಿದ್ದು ಈಗಾಗಲೇ ಮುಗಿದಿರುತ್ತದೆ. ಅರ್ಜಿ ಹಾಕುವ ಕೊನೆ ದಿನದೊಳಗೆ ಚಾಲ್ತಿಯಲ್ಲಿರುವ ಪ್ರಮಾಣಪತ್ರ ಕೈಯಲ್ಲಿರಬೇಕು. ಒಂದು ದಿನ ಆಚೆಯ ದಿನಾಂಕ ಇದ್ದರೂ ತಿರಸ್ಕರಿಸುತ್ತಾರೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಕ್ಕೆ ಒಂದರಿಂದ ಹತ್ತರವರೆಗೆ ಅವಳು ಓದಿದ ಪ್ರತಿ ಶಾಲೆಯ ದಾಖಲೆ ಬೇಕು. ಶಾಲೆ ಬದಲಾಗಿದ್ದರೆ ಎರಡೂ ಕಡೆ ಓಡಾಡಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಕೇಂದ್ರದ ಪರೀಕ್ಷೆಗಳನ್ನೂ ಬರೆಯುವ ಯೋಚನೆ ಇದ್ದರೆ, ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿ, ಅದಕ್ಕೆ ಬೇರೆ ನಮೂನೆಯ ಪ್ರಮಾಣಪತ್ರ ಮಾಡಿಸಿ. ರಾಜ್ಯದ್ದು ಅಲ್ಲಿ ನಡೆಯುವುದಿಲ್ಲ.

ಅಧಿಸೂಚನೆ ಬರುವವರೆಗೆ ಕಾಯಬೇಡಿ. ಬಂದ ಮೇಲೆ ನಾಡಕಚೇರಿಯಲ್ಲಿ ಸಾಲು ದೊಡ್ಡದಾಗಿರುತ್ತದೆ, ಸರ್ವರ್ ಕೈಕೊಡುತ್ತದೆ. ಈ ವಾರವೇ ಹೋಗಿ. ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಜೊತೆಗೆ ಒಯ್ಯಿರಿ. ಅವಳ ಹೆಸರು, ನಿಮ್ಮ ಹೆಸರು, ಇನಿಷಿಯಲ್ ಎಲ್ಲ ಅದರಲ್ಲಿ ಹೇಗಿದೆಯೋ ಪ್ರಮಾಣಪತ್ರದಲ್ಲೂ ಅಕ್ಷರಕ್ಕೆ ಅಕ್ಷರ ಹಾಗೇ ಬಂದಿದೆಯಾ ಅಂತ ಕೌಂಟರ್ ಮುಂದೆ ನಿಂತೇ ಓದಿ ನೋಡಿ.